ಒಂದೇ ಬ್ಯಾಂಡಿನ ಸ್ಟ್ರೀಮಿಂಗ್ ಸೇವೆ: ಟೇಪಿನ ಡಬ್ಬದಿಂದ ಹೆಡ್‌ಫೋನಿನವರೆಗೆ

1977ರ ಮೇ 8. ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಆ ರಾತ್ರಿ ಅಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಶೋ ಇತ್ತು. ಎರಡನೇ ಸೆಟ್ಟಿನಲ್ಲಿ ‘ಸ್ಕಾರ್ಲೆಟ್ ಬೆಗೋನಿಯಾಸ್’ ಶುರುವಾಗುತ್ತದೆ, ಆದರೆ ಮುಗಿಯುವುದೇ ಇಲ್ಲ. ಗಿಟಾರು ಅಲೆಯುತ್ತಾ ಅಲೆಯುತ್ತಾ, ಯಾವಾಗ ಅಂತ ಗೊತ್ತೇ ಆಗದ ಹಾಗೆ ‘ಫೈರ್ ಆನ್ ದ ಮೌಂಟನ್’ ಒಳಗೆ ಹೋಗಿಬಿಡುತ್ತದೆ. ಎರಡೂ ಸೇರಿ ಇಪ್ಪತ್ತು ನಿಮಿಷಕ್ಕೂ ಜಾಸ್ತಿ.

ಒಂದು ಸಲ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಇದನ್ನು ಕೇಳುತ್ತಿದ್ದೆ. ಎರಡು ಹಾಡು ಸೇರುವ ಜಾಗ ಬಂತು. ಅಲ್ಲಿ ಸಣ್ಣದೊಂದು ತಡೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಆದರೂ ಹಾಲ್ ಒಳಗೆ ಕೂತಿದ್ದವನನ್ನು ಯಾರೋ ಹೊರಗೆ ಎಳೆದ ಹಾಗಾಯಿತು. ಆ್ಯಪ್‌ನ ಲೆಕ್ಕದಲ್ಲಿ ಅದು ಎರಡು ಹಾಡು, ಎರಡು ಫೈಲು. ಕೇಳುವವರಿಗೆ ಅದು ಒಂದು ರಾತ್ರಿ.

ಹಳೇ ಬ್ಯಾಂಡೊಂದು ತನ್ನದೇ ಸ್ಟ್ರೀಮಿಂಗ್ ಸೇವೆ ಶುರು ಮಾಡಬೇಕು ಅಂದುಕೊಳ್ಳುವುದಕ್ಕೆ ಇದೇ ಮೂಲ ಕಾರಣ. ದೊಡ್ಡ ಸೇವೆಗಳು ಹಾಡನ್ನು ಎಣಿಸುತ್ತವೆ. ಇಂಥ ಬ್ಯಾಂಡಿನ ಕೇಳುಗರು ರಾತ್ರಿಗಳನ್ನು ಎಣಿಸುತ್ತಾರೆ.

ದೊಡ್ಡ ಸೇವೆಯಲ್ಲೇ ಇದ್ದರೆ ಸಾಲದಾ?

ಬೀಟಲ್ಸ್ ಹಾಡುಗಳು ಸ್ಟ್ರೀಮಿಂಗ್‌ಗೆ ಬಂದದ್ದು 2015ರ ಡಿಸೆಂಬರ್ 24ಕ್ಕೆ. ಟೂಲ್ ಬ್ಯಾಂಡ್ 2019ರವರೆಗೆ ಕಾಯಿತು. ಕೊನೆಗೆ ಎಲ್ಲರೂ ದೊಡ್ಡ ಸೇವೆಗಳಿಗೇ ಬಂದರು. ಹತ್ತು ಹದಿನೈದು ಆಲ್ಬಮ್ ಇರುವ ಬ್ಯಾಂಡಿಗೆ ಅದು ಸಾಕು ಕೂಡ. ಸ್ಟುಡಿಯೋ ಆಲ್ಬಮ್ ಬಿಟ್ಟು ಬೇರೇನೂ ಇಲ್ಲದ ಬ್ಯಾಂಡು ಸ್ವಂತ ಸೇವೆ ಮಾಡಲು ಹೊರಟರೆ ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಗ್ರೇಟ್‌ಫುಲ್ ಡೆಡ್ ಕತೆ ಬೇರೆ. 1965ರಿಂದ 1995ರವರೆಗೆ, ಅಂದರೆ ಬ್ಯಾಂಡಿನ ಗಿಟಾರ್ ವಾದಕ, ಗಾಯಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವ ತನಕ, ಸುಮಾರು 2,300 ಶೋ ಕೊಟ್ಟ ಬ್ಯಾಂಡು ಅದು. ಸ್ಟುಡಿಯೋ ಆಲ್ಬಮ್ ಮಾತ್ರ 13. ಅವರ ಆಸ್ತಿ ಇರುವುದೇ ವೇದಿಕೆಯ ಟೇಪುಗಳಲ್ಲಿ. ಅಷ್ಟನ್ನೂ ದೊಡ್ಡ ಸೇವೆಗೆ ಹಾಕಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕೋಣ. ಟೇಪ್ ಉಳಿದಿರುವ ಶೋಗಳು 2,000 ಅಂತ ಇಟ್ಟುಕೊಳ್ಳಿ. ಶೋಗೆ 15 ಹಾಡು. ಒಟ್ಟು 30 ಸಾವಿರ ಟ್ರ್ಯಾಕ್.

ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕನ್ನು 30 ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್. ಎರಡು ನಿಮಿಷದ ಹಾಡಿಗೂ ಒಂದು, ಇಪ್ಪತ್ತೈದು ನಿಮಿಷದ ಹಾಡಿಗೂ ಒಂದೇ. ಇನ್ನೊಂದು ನಿಯಮ 2024ರಲ್ಲಿ ಬಂತು. ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಟ್ರ್ಯಾಕಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. 30 ಸಾವಿರ ಟ್ರ್ಯಾಕುಗಳಲ್ಲಿ ನಾಲ್ಕಾರು ನೂರು ಹೆಸರಾದವು ಈ ಗೆರೆ ದಾಟಬಹುದು. ಉಳಿದವು? 1973ರ ಯಾವುದೋ ಮಂಗಳವಾರದ ಶೋವನ್ನು ಜಗತ್ತಿನಲ್ಲಿ 600 ಜನ ಕಣ್ಣೀರು ಹಾಕಿಕೊಂಡು ಕೇಳಿದರೂ ಆ ಲೆಕ್ಕದಲ್ಲಿ ಅದು ಸೊನ್ನೆ.

ಅದೇ 600 ಜನ ಒಂದು ಬ್ಯಾಂಡಿನ ಸೇವೆಗೆ ತಿಂಗಳು ತಿಂಗಳು ಚಂದಾ ಕಟ್ಟಿದರೆ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ಅವರು ಯಾವ ರಾತ್ರಿ ಕೇಳಿದರು, ಎಷ್ಟು ಸಲ ಕೇಳಿದರು ಅನ್ನುವುದರ ಮೇಲೆ ಹಣ ನಿಂತಿಲ್ಲ. ಎಲ್ಲಾ ರಾತ್ರಿಗಳೂ ಅಲ್ಲಿವೆ ಅನ್ನುವುದಕ್ಕೇ ಅವರು ದುಡ್ಡು ಕೊಡುತ್ತಾರೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಫಿಶ್ ಬ್ಯಾಂಡು 2002ರ ಕೊನೆಯಲ್ಲಿ ತನ್ನ ಶೋಗಳ ರೆಕಾರ್ಡಿಂಗನ್ನು ನೇರವಾಗಿ ಅಭಿಮಾನಿಗಳಿಗೆ ಮಾರಲು ಶುರು ಮಾಡಿತು. ಗಾಯಕ ನೀಲ್ ಯಂಗ್ 2017ರ ಡಿಸೆಂಬರಿನಲ್ಲಿ ತನ್ನ ಇಡೀ ಸಂಗ್ರಹವನ್ನು ‘ನೀಲ್ ಯಂಗ್ ಆರ್ಕೈವ್ಸ್’ ಅಂತ ತೆರೆದರು. ಮೊದಲು ಪುಕ್ಕಟೆ ಇತ್ತು, ಆಮೇಲೆ ಚಂದಾ ಬಂತು; ಆರಂಭದ ದರ ತಿಂಗಳಿಗೆ 1.99 ಡಾಲರ್. ಅದರ ಒಳಗೆ ಹೋದರೆ ಹಳೇ ಕಚೇರಿಯ ಕಬ್ಬಿಣದ ಫೈಲ್ ಕಪಾಟಿನ ಚಿತ್ರ ಕಾಣುತ್ತದೆ. ಡ್ರಾಯರ್ ಎಳೆದರೆ ಒಂದೊಂದು ಹಾಡಿಗೂ ಒಂದೊಂದು ಕಡತ. ನನಗೆ ಅದು ತುಂಬ ಇಷ್ಟ. ಇದು ಅಂಗಡಿ ಅಲ್ಲ, ಒಬ್ಬ ಮನುಷ್ಯನ ಕೆಲಸದ ದಾಖಲೆ ಅನ್ನುವುದು ಮೊದಲ ನೋಟಕ್ಕೇ ತಿಳಿಯುತ್ತದೆ.

ಹಕ್ಕು ಯಾರದ್ದು?

ಸೇವೆ ಶುರು ಮಾಡುವವರ ಸಮಯ ಅತಿ ಹೆಚ್ಚು ತಿನ್ನುವುದು ಈ ಪ್ರಶ್ನೆ. ಆ್ಯಪ್ ಕಟ್ಟುವ ಎಂಜಿನಿಯರಿಗಿಂತ ಮೊದಲು ವಕೀಲರು ಬೇಕು.

ಯಾವುದೇ ರೆಕಾರ್ಡಿಂಗಿನಲ್ಲಿ ಎರಡು ಹಕ್ಕುಗಳಿರುತ್ತವೆ. ಒಂದು ಹಾಡಿನದು, ಅಂದರೆ ಸಾಹಿತ್ಯ ಮತ್ತು ರಾಗದ್ದು. ಇನ್ನೊಂದು ಆ ಹಾಡನ್ನು ಮುದ್ರಿಸಿಕೊಂಡ ಧ್ವನಿಯದ್ದು. ಮೊದಲನೆಯದು ಬರೆದವರಿಗೂ ಅವರ ಪ್ರಕಾಶಕರಿಗೂ ಸೇರುತ್ತದೆ. ಎರಡನೆಯದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಗೆ, ಕೆಲವು ಸಲ ಬ್ಯಾಂಡಿಗೇ.

ಈಗ ಒಂದು ರಾತ್ರಿಯನ್ನು ತೆಗೆದುಕೊಳ್ಳಿ. ಅವತ್ತು ಬ್ಯಾಂಡು ತನ್ನದೇ ಹತ್ತು ಹಾಡು ಹಾಡಿತು. ಜೊತೆಗೆ ಚಕ್ ಬೆರ್ರಿಯದ್ದು ಒಂದು, ಬಾಬ್ ಡಿಲನ್‌ದು ಒಂದು. ಡಿಲನ್ 2020ರಲ್ಲಿ ತನ್ನ ಹಾಡುಗಳ ಹಕ್ಕನ್ನು ಯೂನಿವರ್ಸಲ್ ಕಂಪನಿಗೆ ಮಾರಿದರು. ಹಾಗಾಗಿ ಆ ಒಂದು ಹಾಡಿನ ಪಾಲು ಅಲ್ಲಿಗೆ ಹೋಗಬೇಕು. ಅಮೆರಿಕದಲ್ಲಿ ಈ ಗೋಜಲು ಸ್ವಲ್ಪ ಸಲೀಸಾದದ್ದು 2018ರ ಮ್ಯೂಸಿಕ್ ಮಾಡರ್ನೈಸೇಷನ್ ಆ್ಯಕ್ಟ್ ಬಂದಮೇಲೆ. ಆ ಕಾಯ್ದೆಯಡಿ ಒಂದು ಸಾಮೂಹಿಕ ಸಂಸ್ಥೆ ಹುಟ್ಟಿತು. 2021ರಿಂದ ಸ್ಟ್ರೀಮಿಂಗ್ ಸೇವೆಗಳು ಅದರಿಂದ ಒಂದೇ ಪರವಾನಗಿ ಪಡೆದು, ಹಾಡಿನ ಪ್ರತಿ ಮಾಡುವ ಹಕ್ಕಿಗಾಗಿ ಬರೆದವರಿಗೆ ಸಲ್ಲಬೇಕಾದ ಹಣವನ್ನು ಒಂದೇ ಕಡೆ ಕಟ್ಟಬಹುದು. ಪ್ರದರ್ಶನದ ಹಕ್ಕಿಗೆ, ಅಂದರೆ ಹಾಡನ್ನು ಜನರಿಗೆ ಕೇಳಿಸುವ ಹಕ್ಕಿಗೆ, ಆಸ್ಕ್ಯಾಪ್, ಬಿಎಂಐ ತರಹದ ಸಂಘಗಳ ಜೊತೆ ಬೇರೆ ಒಪ್ಪಂದ. ದೇಶ ದಾಟಿದರೆ ಮತ್ತೆ ಮೊದಲಿನಿಂದ: ಬ್ರಿಟನ್ನಿಗೆ ಪಿಆರ್‌ಎಸ್, ಜರ್ಮನಿಗೆ ಗೇಮಾ. ಇಂಥ ಸೇವೆಗಳು ಮೊದಲ ದಿನವೇ ಎಲ್ಲ ದೇಶಗಳಲ್ಲಿ ಸಿಗದೇ ಇರುವುದಕ್ಕೆ ಇದೊಂದು ಕಾರಣ.

ಧ್ವನಿಯ ಹಕ್ಕಿಗೆ ಇಂಥ ಸಾಮೂಹಿಕ ದಾರಿಯೂ ಇಲ್ಲ. ಕೇಳುಗರು ತಮಗೆ ಬೇಕಾದ ಹಾಡನ್ನು ತಾವೇ ಆರಿಸುವ ಸೇವೆಯಾದರೆ ಧ್ವನಿಯ ಮಾಲೀಕರನ್ನು ನೇರವಾಗಿ ಕೇಳಲೇಬೇಕು. ಮಾಲೀಕರು ಯಾರು ಅನ್ನುವುದು ಆ ರಾತ್ರಿ ಯಾವ ಒಪ್ಪಂದ ಜಾರಿಯಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಗ್ರೇಟ್‌ಫುಲ್ ಡೆಡ್ ಮೊದಲು ವಾರ್ನರ್ ರೆಕಾರ್ಡ್ ಕಂಪನಿಯ ಜೊತೆ ಇದ್ದರು, 1973ರಲ್ಲಿ ತಮ್ಮದೇ ಕಂಪನಿ ಮಾಡಿಕೊಂಡರು, 1977ರ ಹೊತ್ತಿಗೆ ಅರಿಸ್ಟಾ ಕಂಪನಿಗೆ ಹೋದರು. ಬ್ಯಾಂಡು ಒಂದೇ, ಕಾಗದ ಮೂರು. ಅತಿಥಿಯಾಗಿ ವೇದಿಕೆ ಹತ್ತಿ ಒಂದು ಹಾಡಿಗೆ ಗಿಟಾರು ನುಡಿಸಿದವರಿದ್ದರೆ ಅವರ ಒಪ್ಪಿಗೆಯೂ ಬೇಕು. ಅವರು ತೀರಿಕೊಂಡಿದ್ದರೆ ಮಕ್ಕಳನ್ನು ಹುಡುಕಬೇಕು.

ಹಳೇ ರೆಕಾರ್ಡಿಂಗುಗಳದ್ದು ಇನ್ನೊಂದು ತೊಡಕು. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಗಳಿಗೆ ಒಕ್ಕೂಟದ ಕಾನೂನಿನ ರಕ್ಷಣೆಯೇ ಇರಲಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. 2018ರ ಅದೇ ಕಾಯ್ದೆ ಅವನ್ನೂ ಒಳಗೆ ತಂದಿತು.

ಯುರೋಪಿನ ಕಾನೂನಿನಲ್ಲಿ ಇನ್ನೂ ಕುತೂಹಲದ ವಿಷಯ ಇದೆ. ಅಲ್ಲಿ ಬಿಡುಗಡೆಯಾದ ಧ್ವನಿಮುದ್ರಣಕ್ಕೆ 70 ವರ್ಷ ರಕ್ಷಣೆ. ಆದರೆ ಮುದ್ರಿಸಿ 50 ವರ್ಷದೊಳಗೆ ಅದನ್ನು ಕಾನೂನುಬದ್ಧವಾಗಿ ಜನರ ಮುಂದೆ ತರದೇ ಇದ್ದರೆ ಹಕ್ಕೇ ಹೋಗುತ್ತದೆ. ಡಿಲನ್ ಕಡೆಯವರು 2012ರಲ್ಲಿ 1962ರ ರೆಕಾರ್ಡಿಂಗುಗಳನ್ನು ಸುಮಾರು ನೂರು ಪ್ರತಿ ಮಾತ್ರ ಮಾಡಿ ಯುರೋಪಿನಲ್ಲಿ ಬಿಟ್ಟದ್ದು ಇದಕ್ಕೇ. ಬೀಟಲ್ಸ್ ಕಡೆಯವರು 2013ರ ಡಿಸೆಂಬರಿನಲ್ಲಿ 1963ರ 59 ರೆಕಾರ್ಡಿಂಗುಗಳನ್ನು ಹೆಚ್ಚು ಸದ್ದಿಲ್ಲದೆ ಐಟ್ಯೂನ್ಸಿಗೆ ಹಾಕಿದ್ದೂ ಇದಕ್ಕೇ. ಈ ಲೆಕ್ಕದಲ್ಲಿ 1977ರ ಬಿಡುಗಡೆಯಾಗದ ಶೋಗಳಿಗೆ 2027ರ ಡಿಸೆಂಬರ್ 31 ಕೊನೆ. ಒಂದೊಂದೇ ಸಿ.ಡಿ. ಮಾಡುತ್ತಾ ಕೂತರೆ ಎರಡು ಸಾವಿರ ಶೋ ಯಾವಾಗ ಮುಗಿಯಬೇಕು? ಸ್ಟ್ರೀಮಿಂಗ್‌ನಲ್ಲಿ ತೆರೆದಿಟ್ಟರೂ ಜನರ ಮುಂದೆ ತಂದ ಹಾಗೆಯೇ. ಸ್ವಂತ ಸೇವೆ ಅನ್ನುವುದು ಬ್ಯಾಂಡಿನ ವಕೀಲರಿಗೂ ಇಷ್ಟವಾಗುವುದು ಇಲ್ಲಿ.

ಟೇಪು

ಕಾಗದ ಸರಿಹೋಯಿತು ಅಂತ ಇಟ್ಟುಕೊಳ್ಳಿ. ಟೇಪು ಎಲ್ಲಿದೆ?

ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಆ ಕಾರ್ನೆಲ್ ರಾತ್ರಿಯನ್ನು ಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಬ್ಯಾಂಡಿನ ಜೊತೆ ವರ್ಷಗಟ್ಟಲೆ ಓಡಾಡಿ, ವೇದಿಕೆಯ ಮೈಕುಗಳ ಧ್ವನಿಯನ್ನೆಲ್ಲ ಬೆರೆಸುವ ಮಿಕ್ಸಿಂಗ್ ಹಲಗೆಯಿಂದ ನೇರವಾಗಿ ಟೇಪಿಗೆ ಇಳಿಸಿದವರು. ಅವರ ಧ್ವನಿಮುದ್ರಣ ಎಷ್ಟು ಸ್ವಚ್ಛ ಅಂದರೆ ಅಭಿಮಾನಿಗಳು ಇವತ್ತಿಗೂ ‘ಬೆಟ್ಟಿ ಬೋರ್ಡ್ಸ್’ ಅಂತ ಹೆಸರಿಟ್ಟು ಕರೆಯುತ್ತಾರೆ. ಆ ಟೇಪುಗಳು ಬಾಡಿಗೆ ಗೋದಾಮಿನಲ್ಲಿದ್ದವು. ಬಾಡಿಗೆ ಬಾಕಿ ಬಿತ್ತು. 1986ರಲ್ಲಿ ಗೋದಾಮಿನ ಸರಕೆಲ್ಲ ಹರಾಜಾಯಿತು. ಟೇಪುಗಳು ಯಾರ್ಯಾರದ್ದೋ ಮನೆ ಸೇರಿದವು. ಪ್ರತಿಗಳು ಕೈಯಿಂದ ಕೈಗೆ ಹರಿದಾಡಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಕಾರ್ನೆಲ್ ಶೋವನ್ನು ಸೇರಿಸಿತು. ಬ್ಯಾಂಡು ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡಿದ್ದು 2017ರಲ್ಲಿ, ಆ ಟೇಪುಗಳು ವಾಪಸ್ ಬಂದಮೇಲೆ. ದೇಶ ಕಾಪಾಡಬೇಕು ಅಂತ ಗುರುತಿಸಿದ ಒಂದು ರಾತ್ರಿಗೆ ಅಷ್ಟು ವರ್ಷ ಅಧಿಕೃತ ಪ್ರತಿಯೇ ಇರಲಿಲ್ಲ!

ಟೇಪು ಸಿಕ್ಕಿದ ತಕ್ಷಣ ಯಂತ್ರಕ್ಕೆ ಹಾಕಿ ಓಡಿಸಿದರೆ ಕೆಟ್ಟಿತು. ಎಪ್ಪತ್ತು-ಎಂಬತ್ತರ ದಶಕದ ಎಷ್ಟೋ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಪಟ್ಟಿಗೆ ಅಂಟಿಸಿರುವ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಓಡಿಸಿದರೆ ಯಂತ್ರ ಕಿರುಗುಟ್ಟುತ್ತದೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಆ ಪುಡಿಯೇ ಸಂಗೀತ. ಒಮ್ಮೆ ಉದುರಿದರೆ ಮುಗಿಯಿತು. ಅದಕ್ಕೆ ಮದ್ದು ಟೇಪನ್ನು ಬೇಯಿಸುವುದು! ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಎಂಟು ಗಂಟೆ ಅಥವಾ ಇನ್ನೂ ಜಾಸ್ತಿ ಹೊತ್ತು ಇಡುತ್ತಾರೆ. ತೇವ ಹೋಗಿ ಅಂಟು ಗಟ್ಟಿಯಾಗುತ್ತದೆ. ಇದು ಶಾಶ್ವತ ಅಲ್ಲ. ತೇವ ಮತ್ತೆ ಏರುವ ಮೊದಲು ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಅರವತ್ತರ ದಶಕದ ಅಸಿಟೇಟ್ ಟೇಪಿಗೆ ಇದೇ ಮದ್ದು ಮಾಡಿದರೆ ಅದು ಹಾಳಾಗುತ್ತದೆ. ಹಾಗಾಗಿ ಡಬ್ಬ ತೆಗೆದವರಿಗೆ ಕೈಯಲ್ಲಿರುವುದು ಯಾವ ಜಾತಿಯ ಟೇಪು ಅಂತ ಮೊದಲು ಗೊತ್ತಿರಬೇಕು. ಎಂಬತ್ತರ ದಶಕದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೊ ಕ್ಯಾಸೆಟ್ ಮೇಲೆ ಬರೆಯುತ್ತಿದ್ದರು. ಅದನ್ನು ಓದುವ ಯಂತ್ರ ಹುಡುಕುವುದೇ ಒಂದು ಕೆಲಸ.

ಆಮೇಲೆ ವೇಗ. ವೇದಿಕೆ ಪಕ್ಕದ ಯಂತ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ, ಪಿಯಾನೊ ಸಣ್ಣಗೆ ನಡುಗಿದ ಹಾಗೆ ಕೇಳುತ್ತದೆ. ಇದನ್ನು ಸರಿಪಡಿಸುವ ಪ್ಲಾಂಜೆಂಟ್ ಅನ್ನುವ ವಿಧಾನ ನೋಡಿ ನಾನು ಬೆರಗಾಗಿದ್ದೇನೆ. ಟೇಪಿಗೆ ಬರೆಯುವಾಗ ಯಂತ್ರ ಕಿವಿಗೆ ಕೇಳಿಸದಷ್ಟು ಎತ್ತರದ ಒಂದು ಸ್ವರವನ್ನೂ ಜೊತೆಗೆ ಹಾಕುತ್ತದೆ. ಅದರ ಸಣ್ಣ ಗುರುತು ಟೇಪಿನಲ್ಲಿ ಉಳಿದಿರುತ್ತದೆ. ಅವತ್ತು ಅದು ಸ್ಥಿರವಾಗಿದ್ದ ಸ್ವರ. ಈಗ ಅದು ಎಲ್ಲಿ ಅಲುಗುತ್ತಿದೆಯೋ ಅಲ್ಲಿ ಟೇಪು ತಪ್ಪಿದೆ ಅಂತ ಅರ್ಥ. ಅದನ್ನು ನೇರ ಮಾಡಿದರೆ ಇಡೀ ಸಂಗೀತ ನೇರವಾಗುತ್ತದೆ. ಐವತ್ತು ವರ್ಷದ ಹಿಂದಿನ ಯಂತ್ರ ತನ್ನ ತಪ್ಪಿನ ಲೆಕ್ಕವನ್ನೂ ಬರೆದಿಟ್ಟಿದೆ ಅಲ್ವಾ?

ಯಾವ ರಾತ್ರಿ, ಯಾವ ಹಾಡು

‘ಡಾರ್ಕ್ ಸ್ಟಾರ್’ ಹಾಡನ್ನು ಈ ಬ್ಯಾಂಡು 200ಕ್ಕೂ ಹೆಚ್ಚು ಸಲ ನುಡಿಸಿದೆ. ಮಾಮೂಲಿ ಆ್ಯಪ್‌ನಲ್ಲಿ ಹುಡುಕಿದರೆ ಒಂದೇ ಹೆಸರಿನ ಇನ್ನೂರು ಸಾಲು ಬರುತ್ತದೆ. ಯಾವುದು ಯಾವುದು? ಕೇಳುಗರು ಹುಡುಕುವುದು ಬೇರೆ ರೀತಿ. ಕೀಬೋರ್ಡಿನಲ್ಲಿ ಯಾರಿದ್ದರು, ಕೀತ್ ಗಾಡ್‌ಶಾ ಕಾಲದ್ದಾ, ಬ್ರೆಂಟ್ ಮಿಡ್‌ಲ್ಯಾಂಡ್ ಕಾಲದ್ದಾ? ಅದು ಯಾವ ಹಾಡಿನಿಂದ ಹರಿದು ಬಂತು, ಯಾವುದರೊಳಗೆ ಹೋಯಿತು? ಎಷ್ಟು ನಿಮಿಷ? ಟೇಪು ಮಿಕ್ಸಿಂಗ್ ಹಲಗೆಯದ್ದಾ, ಜನರ ನಡುವೆ ಮೈಕ್ ಹಿಡಿದು ಮಾಡಿದ್ದಾ?

ಇಷ್ಟನ್ನೂ ಪ್ರತಿ ಟ್ರ್ಯಾಕಿಗೆ ಯಾರೋ ಕೂತು ತುಂಬಬೇಕು. ಪ್ರತಿ ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಗುರುತು ಬೇಕು, ಇಲ್ಲದಿದ್ದರೆ ರಾಯಲ್ಟಿ ದಾರಿ ತಪ್ಪುತ್ತದೆ. ತಾರೀಕು ಸಾಕು ಅಂದುಕೊಂಡರೆ ಅದೂ ಸಾಲದು. 1970ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಬ್ಯಾಂಡು ಒಂದೇ ದಿನ ಎರಡೆರಡು ಶೋ ಕೊಟ್ಟಿತ್ತು. ಡಬ್ಬದ ಮೇಲಿನ ಬರಹ ತಪ್ಪಿರುವುದೂ ಉಂಟು. ಈ ಕೆಲಸದ ಅಡಿಪಾಯವನ್ನು ಹಾಕಿದವರು ಅಭಿಮಾನಿಗಳೇ. 1987ರಲ್ಲೇ ‘ಡೆಡ್‌ಬೇಸ್’ ಅಂತ ಶೋಗಳ ಪಟ್ಟಿಯ ಪುಸ್ತಕ ತಂದಿದ್ದರು. ನನ್ನನ್ನು ಕೇಳಿದರೆ ಸೇವೆ ಕಟ್ಟುವವರು ಮೊದಲು ಕೆಲಸಕ್ಕೆ ತೆಗೆದುಕೊಳ್ಳಬೇಕಾದದ್ದು ಇಂಥವರನ್ನೇ.

ತಾಂತ್ರಿಕ ಭಾಗ ಇದಕ್ಕೆ ಹೋಲಿಸಿದರೆ ಹಗುರ. ಮೂರು ಗಂಟೆಯ ಒಂದು ಶೋ ಸಿ.ಡಿ. ಗುಣಮಟ್ಟದಲ್ಲಿ ಸುಮಾರು 1.9 ಜಿಬಿ. ಅದಕ್ಕಿಂತ ಸೂಕ್ಷ್ಮವಾದ 24-ಬಿಟ್, 192 ಕಿಲೋಹರ್ಟ್ಸ್‌ ಗುಣಮಟ್ಟದಲ್ಲಿ 12 ಜಿಬಿ ದಾಟುತ್ತದೆ. ಫ್ಲಾಕ್ ಅನ್ನುವ ಫೈಲ್ ರೂಪಕ್ಕೆ ಬದಲಿಸಿದರೆ, ಏನೂ ಕಳೆಯದೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆಲವು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಕೇಳುಗರ ನೆಟ್ ವೇಗ ನೋಡಿ ಕಳಿಸುವ ವ್ಯವಸ್ಥೆ ಸಿದ್ಧವಾಗಿಯೇ ಬಾಡಿಗೆಗೆ ಸಿಗುತ್ತದೆ.

ಒಂದನ್ನು ಮಾತ್ರ ಬಿಡುವ ಹಾಗಿಲ್ಲ. ನನ್ನನ್ನು ಅವತ್ತು ಹಾಲ್‌ನಿಂದ ಹೊರಗೆ ಎಳೆದ ಆ ತಡೆ. ಫೈಲ್ ಚಿಕ್ಕದು ಮಾಡುವ ಎಎಸಿ ಎನ್‌ಕೋಡರ್ ಧ್ವನಿಯನ್ನು 1,024 ಸ್ಯಾಂಪಲ್‌ಗಳ, ಅಂದರೆ ಧ್ವನಿಯ ಒಂದೊಂದು ಕ್ಷಣದ ಅಳತೆಗಳ, ಕಟ್ಟುಗಳಾಗಿ ಮಾಡುತ್ತದೆ. ಮೊದಲ ಕಟ್ಟು ಸರಿಯಾಗಿ ಬರಲಿ ಅಂತ ಹಾಡಿನ ಮುಂದೆ ಸ್ವಲ್ಪ ಖಾಲಿ ಸೇರಿಸುತ್ತದೆ. ಸಾಮಾನ್ಯವಾಗಿ 2,112 ಸ್ಯಾಂಪಲ್. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಲ್ಲಿ ಅದು 0.048 ಸೆಕೆಂಡು. ಕೊನೆಯ ಕಟ್ಟು ತುಂಬದಿದ್ದರೆ ಅಲ್ಲೂ ಖಾಲಿ. ಎಷ್ಟು ಖಾಲಿ ಸೇರಿಸಿದ್ದೇನೆ ಅನ್ನುವುದನ್ನು ಫೈಲಿನೊಳಗೆ ಬರೆದಿಟ್ಟು, ಆ್ಯಪ್ ಅದನ್ನು ಓದಿ ಕತ್ತರಿಸಿ, ಮುಂದಿನ ಹಾಡನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದರೆ ತಡೆ ಕೇಳಿಸುವುದಿಲ್ಲ. ಫ್ಲಾಕ್‌ನಲ್ಲಿ ಈ ಖಾಲಿಯೇ ಇಲ್ಲ, ಆದರೆ ಆ್ಯಪ್ ಮುಂದಿನ ಫೈಲನ್ನು ತಡವಾಗಿ ತೆರೆದರೆ ಅಲ್ಲೂ ತಡೆ ಬರುತ್ತದೆ. ಇಂಥ ಬ್ಯಾಂಡಿನ ಸೇವೆಯನ್ನು ನಾನು ಅಳೆಯುವುದು ಮೊದಲು ಇಲ್ಲೇ.

ಹಣ, ಮತ್ತು ಪುಕ್ಕಟೆ ಸಿಗುವ ಟೇಪುಗಳು

ತಿಂಗಳಿಗೆ 10 ಡಾಲರ್ ಚಂದಾ ಅಂತ ಇಟ್ಟುಕೊಳ್ಳಿ. ಐಫೋನಿನ ಆ್ಯಪ್ ಅಂಗಡಿಯ ಮೂಲಕ ಕಟ್ಟಿದರೆ ಮೊದಲ ವರ್ಷ ಮಾಮೂಲಿ ದರ 30 ಪರ್ಸೆಂಟ್ ಅವರಿಗೆ. ಸಣ್ಣ ಕಂಪನಿಗೆ ಅದರ ಅರ್ಧ. ಹಾಡು ಬರೆದವರಿಗೆ ಅಮೆರಿಕದ ಮುಖ್ಯ ದರ ಆದಾಯದ 15ರ ಆಸುಪಾಸು: 2023ಕ್ಕೆ 15.1 ಪರ್ಸೆಂಟ್, 2027ಕ್ಕೆ 15.35. ಅಲ್ಲಿಗೆ ಕೈಯಲ್ಲಿ ಉಳಿದದ್ದು ಸುಮಾರು ಐದೂವರೆ ಡಾಲರ್. ಅದರಲ್ಲಿ ಸರ್ವರ್, ಜನರ ಸಂಬಳ, ಟೇಪಿನ ಕೆಲಸ, ಕಂಪನಿ ಮತ್ತು ಬ್ಯಾಂಡಿನ ಪಾಲು. 20 ಸಾವಿರ ಚಂದಾದಾರರಿದ್ದರೆ ತಿಂಗಳಿಗೆ 1.1 ಲಕ್ಷ ಡಾಲರ್. ಸಣ್ಣ ತಂಡ ನಡೆಯುತ್ತದೆ. ಎರಡು ಸಾವಿರ ಚಂದಾದಾರರಾದರೆ ನಡೆಯುವುದು ಕಷ್ಟ. ವೆಬ್‌ಸೈಟಿನಲ್ಲೇ ಚಂದಾ ಕಟ್ಟಿಸಿಕೊಳ್ಳಲು ಇಂಥ ಸೇವೆಗಳು ಆಸೆಪಡುವುದು ಆ್ಯಪ್ ಅಂಗಡಿಯ ಪಾಲು ಉಳಿಯಲಿ ಅಂತ.

ಕೊನೆಯದು, ನನಗೆ ಮುಖ್ಯ ಅನ್ನಿಸುವುದು. ಗ್ರೇಟ್‌ಫುಲ್ ಡೆಡ್ ತಮ್ಮ ಶೋಗಳನ್ನು ಜನ ಟೇಪ್ ಮಾಡಿಕೊಳ್ಳಲು ಬಿಟ್ಟಿದ್ದರು. 1984ರ ಅಕ್ಟೋಬರಿನಿಂದ ಅವರಿಗಾಗಿ ಪ್ರತ್ಯೇಕ ಜಾಗವನ್ನೇ ಮಾಡಿಕೊಟ್ಟರು. ಒಂದೇ ಷರತ್ತು: ಹಂಚಿಕೊಳ್ಳಿ, ಮಾರಬೇಡಿ. ಆ ಟೇಪುಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಡಿಜಿಟಲ್ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತವೆ. 2005ರ ನವೆಂಬರಿನಲ್ಲಿ ಅಲ್ಲಿನ ಡೌನ್‌ಲೋಡುಗಳನ್ನು ತೆಗೆದುಹಾಕಿದಾಗ ಅಭಿಮಾನಿಗಳು ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಜನರ ನಡುವಿನಿಂದ ಮಾಡಿದ ಟೇಪುಗಳನ್ನು ಇಳಿಸಿಕೊಳ್ಳಬಹುದು, ಮಿಕ್ಸಿಂಗ್ ಹಲಗೆಯ ಟೇಪುಗಳನ್ನು ಅಲ್ಲೇ ಕೇಳಬಹುದು.

ಹೊಸ ಸೇವೆ ಬಂದಾಗ ಪುಕ್ಕಟೆ ಇರುವುದನ್ನು ಮುಚ್ಚಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ತಪ್ಪು. ಚಂದಾ ಕಟ್ಟುವವರೂ ಅದೇ ಜನ, ಮೂವತ್ತು ವರ್ಷ ಕ್ಯಾಸೆಟ್ ಹಂಚಿಕೊಂಡು ಈ ರಾತ್ರಿಗಳನ್ನು ಬದುಕಿಸಿದವರೂ ಅದೇ ಜನ. ಕೆಲಸದ ದೃಷ್ಟಿಯಿಂದ ನೋಡಿದರೂ ಅವರು ಬೇಕು. ಹತ್ತೂವರೆ ಇಂಚಿನ ಸುರುಳಿಯಲ್ಲಿ 2,500 ಅಡಿ ಟೇಪು ಹಿಡಿಸುತ್ತದೆ. ಸೆಕೆಂಡಿಗೆ 15 ಇಂಚು ವೇಗದಲ್ಲಿ ಅದು 33 ನಿಮಿಷಕ್ಕೆ ಖಾಲಿ. ಬ್ಯಾಂಡು ಹಾಡಿನ ನಡುವೆ ಇದ್ದರೂ ಸುರುಳಿ ಬದಲಿಸಲೇಬೇಕು. ಆ ಅರ್ಧ ನಿಮಿಷ ಅಧಿಕೃತ ಟೇಪಿನಲ್ಲಿ ಇಲ್ಲವೇ ಇಲ್ಲ. ಆಗ ಎಂಜಿನಿಯರು ಅದೇ ರಾತ್ರಿ ಹಾಲ್‌ನ ಮಧ್ಯದಲ್ಲಿ ಮೈಕ್ ಎತ್ತಿ ಹಿಡಿದು ನಿಂತಿದ್ದ ಯಾರದ್ದೋ ಟೇಪನ್ನು ತರಿಸಿಕೊಂಡು, ವೇಗ ಹೊಂದಿಸಿ, ಆ ಖಾಲಿಗೆ ಹೊಲಿಯುತ್ತಾರೆ. ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ. ಡ್ರಮ್ಮು ಒಮ್ಮೆಲೇ ಸ್ವಲ್ಪ ದೂರ ಸರಿಯುತ್ತದೆ, ಸುತ್ತ ಜನರ ಗದ್ದಲ ಏಳುತ್ತದೆ, ಹತ್ತಿರದಲ್ಲೇ ಯಾರೋ ಕೂಗುತ್ತಾರೆ. ಮೂವತ್ತು ಸೆಕೆಂಡು ಕಳೆದ ಮೇಲೆ ಡ್ರಮ್ಮು ಮತ್ತೆ ಹತ್ತಿರ ಬರುತ್ತದೆ, ಹಾಡು ಎಲ್ಲೂ ನಿಂತಿರುವುದಿಲ್ಲ.